ಪ್ರತಿ ಫೈನಲ್ ಆದ್ಮೇಲೂ ನಮ್ ಟೀಮ್ ಯಾಕೆ ಚದುರಿ ಹೋಗುತ್ತೆ? ಈ ಸಲ ನಮ್ ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಯಾರನ್ನ ಉಳಿಸ್ಕೋಬೇಕು?

ನೀಲಿಜೆರ್ಸಿ_ಬಸವನಗುಡಿ
ಮೇ 2025

ಕೊಲ್ಕತ್ತಾದ ಸಾಲ್ಟ್ ಲೇಕಲ್ಲಿ ಮೋಹನ್ ಬಗಾನ್ ಜೊತೆ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫುಟ್‌ಬಾಲ್ ಫೈನಲ್ ಆಗಿ ತಿಂಗಳಾಯ್ತು, ಇನ್ನೂ ಮನಸ್ಸಿಂದ ಹೋಗ್ತಿಲ್ಲ. ಏಪ್ರಿಲ್ 12. ಸೆಕೆಂಡ್ ಹಾಫ್ ಶುರುವಾಗ್ತಿದ್ದಂಗೇ ಅವರ ಆಲ್ಬರ್ಟೋದು ಸೆಲ್ಫ್ ಗೋಲ್, ನಾವು ಮುಂದೆ, ಮನೇಲಿ ಎಲ್ಲರೂ ಎದ್ದು ನಿಂತಿದ್ವಿ. ಆಮೇಲೆ ಕಮಿಂಗ್ಸ್ ಪೆನಾಲ್ಟಿ, ಎಕ್ಸ್‌ಟ್ರಾ ಟೈಮಲ್ಲಿ ಮೆಕ್‌ಲಾರೆನ್, 2-1, ಮುಗೀತು.

ಆದ್ರೆ ನಾನು ಬರೀತಿರೋದು ಆ ಮ್ಯಾಚ್ ಬಗ್ಗೆ ಅಲ್ಲ. ಮೇ 31 ಹತ್ರ ಬಂತು, ನಮ್ ದೇಶದಲ್ಲಿ ಹೆಚ್ಚಿನ ಆಟಗಾರರ ಕಾಂಟ್ರ್ಯಾಕ್ಟ್ ಮುಗಿಯೋದು ಅವತ್ತೇ, ಈ ದಿನ ಬಂದಾಗೆಲ್ಲ ನನಗೆ ಹೊಟ್ಟೆ ಒಳಗೆ ಏನೋ ಆಗುತ್ತೆ. ಯಾಕಂದ್ರೆ ನಾವು ಇದನ್ನ ಎರಡು ಸಲ ನೋಡಿದ್ದೀವಿ.

ಮೊದಲನೇದು 2019. ಮುಂಬೈಲಿ ಗೋವಾ ಮೇಲೆ ಎಕ್ಸ್‌ಟ್ರಾ ಟೈಮ್ ಮುಗಿಯೋ ಹೊತ್ತಿಗೆ ನಮ್ ಡಿಫೆಂಡರ್ ಭೇಕೆ ಹೆಡರ್, ನಾವು ಚಾಂಪಿಯನ್ಸ್. ಅದೇ ಬೇಸಿಗೇಲಿ ಮೀಕು ಹೋದ, ಶಿಸ್ಕೋ ಹೋದ. ಹಿಂದಿನ ಸೀಸನ್‌ನಲ್ಲಿ 15 ಗೋಲ್ ಹೊಡೆದಿದ್ದ ಮೀಕು ಜಾಗಕ್ಕೆ ಒನ್ವು ಬಂದ, ಅದು ಕೂಡಿ ಬರಲಿಲ್ಲ, ಮಧ್ಯದಲ್ಲಿ ಡೆಶಾರ್ನ್ ಬ್ರೌನ್‌ನ ಕರೆಸಿದ್ರು. 2020ರಲ್ಲಿ ನಿಶು ಕುಮಾರ್ ಹೋಗಿದ್ದು ಎಲ್ಲಿಗೆ, ನಮ್ ಬದ್ಧ ಎದುರಾಳಿ ಕೇರಳ ಬ್ಲಾಸ್ಟರ್ಸ್‌ಗೆ! 2021ರಲ್ಲಿ ಭೇಕೆ ಮುಂಬೈಗೆ, ವಾನನ್ ಹೈದರಾಬಾದ್‌ಗೆ, ಡಿಮಾಸ್ ಮತ್ತೆ ಪಾರ್ಟಲು ಇಬ್ಬರೂ ಹೊರಗೆ. ವಾನನ್ ಹೋದ ವರ್ಷವೇ ಹೈದರಾಬಾದ್ ಕಪ್ ಎತ್ತಿತು. ನಾವು ಅಷ್ಟರಲ್ಲಿ ಏಳನೇ ಸ್ಥಾನ ನೋಡಿ ಆಗಿತ್ತು, ಕೋಚ್ ಕ್ವಾದ್ರಾತ್ ಸರ್ ಕೂಡ ಸೀಸನ್ ಮಧ್ಯದಲ್ಲೇ ಹೋಗಿದ್ರು.

ಎರಡನೇದು 2023. ಲೀಗಲ್ಲಿ ಕೊನೇಗೆ ಸತತವಾಗಿ ಎಂಟು ಮ್ಯಾಚ್ ಗೆದ್ದು, ಛೆತ್ರಿ ಬೇಗ ಹೊಡೆದ ಫ್ರೀಕಿಕ್ ಗೋಲಿಗೆ ಬ್ಲಾಸ್ಟರ್ಸ್ ಮೈದಾನ ಬಿಟ್ಟು ಹೋದ ಆ ಮ್ಯಾಚು, ಮುಂಬೈ ಮೇಲೆ ಪೆನಾಲ್ಟಿಲಿ 9-8, ಗೋವಾದಲ್ಲಿ ಫೈನಲ್, ಅಲ್ಲೂ ಪೆನಾಲ್ಟಿಲೇ ಸೋತ್ವಿ. ಅದೇ ಬೇಸಿಗೇಲಿ ರಾಯ್ ಕೃಷ್ಣ ಒಡಿಶಾ, ಝಿಂಗನ್ ಗೋವಾ, ಉದಾಂತ ಗೋವಾ, ಪ್ರಬೀರ್ ಕೇರಳ, ಅಲನ್ ಕೋಸ್ಟಾ, ಬ್ರೂನೋ, ಪಾಬ್ಲೋ ಯಾರೂ ಇಲ್ಲ. ಮುಂದಿನ ಸೀಸನ್ ಹನ್ನೆರಡರಲ್ಲಿ ಹತ್ತನೇ ಸ್ಥಾನ, ಡಿಸೆಂಬರಲ್ಲಿ ಕೋಚ್ ಗ್ರೇಸನ್ ಕೂಡ ಹೋದ್ರು. ಫೈನಲ್ ಆಡಿದ ಟೀಮು ಒಂಬತ್ತು ತಿಂಗಳಲ್ಲಿ ಅಲ್ಲಿಗೆ ಬಂದು ನಿಲ್ತು.

ಈಗ ಮತ್ತೆ ಅದೇ ಜಾಗಕ್ಕೆ ಬಂದಿದ್ದೀವಿ. ಕೋಚ್ ಜರಗೋಜಾ ಬಂದ್ಮೇಲೆ ಹತ್ತರಿಂದ ಮೂರಕ್ಕೆ ಏರಿ, ನಾಕೌಟಲ್ಲಿ ಮುಂಬೈಗೆ 5-0 ಹೊಡೆದು, ಗೋವಾನ ದಾಟಿ ಫೈನಲ್. ಹಂಗಾಗಿ ಕೇಳ್ತಿದ್ದೀನಿ, ಈ ಟೀಮಲ್ಲಿ ಯಾರನ್ನ ಉಳಿಸ್ಕೋಬೇಕು, ಎಷ್ಟು ವರ್ಷಕ್ಕೆ? ಛೆತ್ರಿಗೆ ಇನ್ನೊಂದು ವರ್ಷ ಕೊಡಬೇಕಾ? ನನ್ನ ಪ್ರಕಾರ ಈ ಹನ್ನೊಂದು ಜನಾನ ಮುಟ್ಟಲೇಬಾರದು. ನೀವೇನಂತೀರ?

---

ಕಬ್ಬನ್‌ಪಾರ್ಕ್_ಎಕ್ಸಿಟ್

ಗುರು ನಿನ್ನ ನೋವು ಅರ್ಥ ಆಗುತ್ತೆ, 2023ರ ಗೋವಾ ಫಟೋರ್ಡಾ ಫೈನಲ್‌ಗೆ ನಾವು ಆರು ಜನ ಕಾರಲ್ಲಿ ಹೋಗಿದ್ವಿ, ವಾಪಸ್ ಬರೋವಾಗ ದಾರಿ ಪೂರ್ತಿ ಒಬ್ಬನೂ ಬಾಯಿ ಬಿಡಲಿಲ್ಲ. ಆದ್ರೂ "ಮುಟ್ಟಲೇಬಾರದು" ಅನ್ನೋದನ್ನ ನಾನು ಒಪ್ಪಲ್ಲ.

ವಯಸ್ಸು ನೋಡು. ನಮ್ ಆರು ಫಾರಿನರ್ಸ್: ನೊಗೇರಾ, ಪೆರೇರಾ ಡಿಯಾಸ್, ಎಡ್ಗರ್ ಮೆಂಡೆಸ್, ಪೆದ್ರೋ ಕಾಪೋ, ಯೊವಾನೊವಿಚ್, ರಯಾನ್ ವಿಲಿಯಮ್ಸ್. ವಿಲಿಯಮ್ಸ್ ಒಬ್ಬನ್ನ ಬಿಟ್ರೆ ಉಳಿದ ಐವರೂ 34, 35ರ ಆಸುಪಾಸು. ಭೇಕೆಗೆ 35. ಗುರ್‌ಪ್ರೀತ್ ಗೋಲ್‌ಕೀಪರ್, ಅವನಿಗೆ 33 ಅಂದ್ರೆ ಪರವಾಗಿಲ್ಲ. ಛೆತ್ರಿಗೆ ಆಗಸ್ಟಲ್ಲಿ 41. ಇವರೆಲ್ಲರಿಗೂ ಒಟ್ಟಿಗೆ ಎರಡೆರಡು ವರ್ಷ ಕೊಟ್ಟುಬಿಟ್ರೆ 2027ರಲ್ಲಿ ಎಲ್ಲರೂ ಒಂದೇ ದಿನ ಹೊರಗೆ ಹೋಗ್ತಾರೆ, ಆಗ ಮತ್ತೆ ನೀನೇ ಇಲ್ಲಿ ಬಂದು ಇದೇ ಪ್ರಶ್ನೆ ಕೇಳ್ತೀಯ.

2023ರ ವಿಷಯದಲ್ಲೂ ನನಗೆ ಬೇರೆ ಅಭಿಪ್ರಾಯ ಇದೆ. ಬಿಟ್ಟಿದ್ದಕ್ಕಿಂತ ದೊಡ್ಡ ತಪ್ಪು ತಂದಿದ್ದರಲ್ಲಿ ಆಯ್ತು. ಹೋದೋರ ಜಾಗಕ್ಕೆ ಸರಿಯಾದವರು ಬಂದಿದ್ರೆ ಯಾರೂ ಇವತ್ತು ಆ ಬೇಸಿಗೆ ಬಗ್ಗೆ ಮಾತಾಡ್ತಾನೇ ಇರಲಿಲ್ಲ. ಕರ್ಟಿಸ್ ಮೇನ್, ವೀಂಡಾರ್ಪ್ ಇಬ್ಬರೂ ಕಷ್ಟಪಟ್ಟು ಆಡಿದ್ರು, ಇಲ್ಲ ಅನ್ನಲ್ಲ, ಆದ್ರೆ ನಮ್ ಆಟಕ್ಕೆ ಹೊಂದಲಿಲ್ಲ. ಅದೇ 2024ರಲ್ಲಿ ನೊಗೇರಾ, ಡಿಯಾಸ್, ಭೇಕೆ ಮೂರೂ ಜನ ಮುಂಬೈಲಿ ಕಪ್ ಗೆದ್ದು ನೇರವಾಗಿ ಇಲ್ಲಿಗೆ ಬಂದ್ರು, ನಮ್ ಲೀಗು, ನಮ್ ಸೆಕೆ, ನಮ್ ಪಿಚ್ಚು ಎಲ್ಲ ಗೊತ್ತಿದ್ದೋರು, ಒಂದೇ ವರ್ಷದಲ್ಲಿ ಟೀಮ್ ಎದ್ದು ನಿಲ್ತು. ಹೊಸಬರು ಬರೋದು ಕೆಟ್ಟದ್ದಲ್ಲ, ಯಾರು ಬರ್ತಾರೆ ಅನ್ನೋದು ಮುಖ್ಯ.

ಡಿಯಾಸ್, ಮೆಂಡೆಸ್ ಇಬ್ಬರಲ್ಲಿ ಒಬ್ಬನನ್ನ ಈ ಸಲವೇ ಬದಲಾಯಿಸಿ 27, 28ರ ಒಬ್ಬ ಸ್ಟ್ರೈಕರ್ ತರಬೇಕು. ಕಷ್ಟದ ಮಾತು, ಆದ್ರೆ ಈಗ ಮಾಡದೇ ಇದ್ರೆ ಮುಂದಿನ ವರ್ಷ ಕೈ ಮೀರುತ್ತೆ.

---

ನೀಲಿಜೆರ್ಸಿ_ಬಸವನಗುಡಿ

ರಾಯ್ ಕೃಷ್ಣಂಗೂ 2023ರಲ್ಲಿ 35 ಆಗಿತ್ತು, ವಯಸ್ಸಾಯ್ತು ಅಂತಾನೇ ಎಲ್ಲರೂ ಅಂದ್ರು. ಒಡಿಶಾಗೆ ಹೋಗಿ ಅದೇ ಸೀಸನ್ 13 ಗೋಲ್ ಹೊಡೆದ, ಲೀಗಲ್ಲಿ ಅವನಿಗೆ ಸಮ ಇದ್ದೋನು ಡಿಯಾಮಂಟಾಕೋಸ್ ಒಬ್ಬನೇ. ವಯಸ್ಸಿನ ಲೆಕ್ಕ ಒಂದನ್ನೇ ಹಿಡ್ಕೊಂಡು ಕೂತ್ರೆ ಹಿಂಗಾಗುತ್ತೆ. ಒಟ್ಟಿಗೆ ಎಲ್ಲರದೂ ಮುಗಿಯೋ ಹಂಗೆ ಕೊಡಬಾರದು ಅಂದಿದ್ದು ಮಾತ್ರ ಒಪ್ಪಿದೆ, ಅದು ನನ್ ತಲೇಗೆ ಬಂದಿರಲಿಲ್ಲ.

---

ಸಹಿ_ಸೀಲು

ನಾನು ಕೆಲಸ ಮಾಡೋದು ಎಚ್‌ಆರ್‌ನಲ್ಲಿ, ದಿನಾ ಕಾಂಟ್ರ್ಯಾಕ್ಟ್ ಪೇಪರ್‌ಗಳ ಮಧ್ಯೆ ಇರೋದ್ರಿಂದ ಈ ವಿಷಯ ನನಗೆ ಬೇರೆ ಥರ ಕಾಣುತ್ತೆ, ಸ್ವಲ್ಪ ಉದ್ದ ಆಗುತ್ತೆ, ಓದಿ.

ಎಲ್ಲರೂ ಮೇ 31 ಮೇ 31 ಅಂತೀರ. ನನ್ನ ಪ್ರಕಾರ ಅದು ತಡವಾದ ತಾರೀಖು. ಫೀಫಾ ನಿಯಮದ ಪ್ರಕಾರ ಕಾಂಟ್ರ್ಯಾಕ್ಟಲ್ಲಿ ಆರು ತಿಂಗಳು ಉಳಿದಾಗಿಂದ ಆಟಗಾರ ಬೇರೆ ಕ್ಲಬ್ ಜೊತೆ ಮುಂಗಡವಾಗಿ ಸಹಿ ಹಾಕಬಹುದು, ಅವನ ಈಗಿನ ಕ್ಲಬ್‌ಗೆ ಒಂದು ರೂಪಾಯಿ ಬರಲ್ಲ. ಮೇ 31ರಿಂದ ಹಿಂದಕ್ಕೆ ಎಣಿಸಿದ್ರೆ ಡಿಸೆಂಬರ್ 1. ನಮ್ ಸೀಸನ್ ಸೆಪ್ಟೆಂಬರಿಂದ ಏಪ್ರಿಲ್, ಅಂದ್ರೆ ಸರಿಯಾಗಿ ಸೀಸನ್ ನಡುವೆ, ನಾವು ಕಂಠೀರವದಲ್ಲಿ ಕೂತು ಅವನ ಹೆಸರು ಕೂಗ್ತಿರೋವಾಗಲೇ ಅವನು ಮುಂದಿನ ವರ್ಷ ಎಲ್ಲಿ ಆಡ್ತಾನೆ ಅನ್ನೋದು ತೀರ್ಮಾನ ಆಗಿ ಹೋಗಿರಬಹುದು. ಮೇನಲ್ಲಿ ಕೂತು "ಉಳಿಸ್ಕೊಳ್ಳಿ" ಅಂದ್ರೆ ಬಸ್ ಹೋದ್ಮೇಲೆ ಸ್ಟಾಪಿಗೆ ಓಡಿ ಬಂದಂಗೆ. ಒಬ್ಬ ಆಟಗಾರ ಬೇಕು ಅಂತ ಕ್ಲಬ್‌ಗೆ ಅನಿಸಿದ್ರೆ ಅವನ ಜೊತೆ ಮಾತು ಒಂದೂವರೆ ವರ್ಷ ಬಾಕಿ ಇರೋವಾಗಲೇ ಮುಗಿದಿರಬೇಕು. ಅಷ್ಟೊತ್ತಿಗೂ ಅವನು ಸಹಿ ಹಾಕಲ್ಲ ಅಂದ್ರೆ ಫೀ ತಗೊಂಡು ಮಾರೋಕೆ ಕ್ಲಬ್‌ಗೆ ಇನ್ನೂ ಟೈಮ್ ಇರುತ್ತೆ.

ಇನ್ನೊಂದು, ಇದು ನಮ್ ಲೀಗಿಗೇ ವಿಶೇಷ. 2021-22ರಿಂದ ಐಎಸ್‌ಎಲ್‌ನಲ್ಲಿ ಮೈದಾನದಲ್ಲಿ ನಾಲ್ಕೇ ಫಾರಿನರ್ಸ್, ಅದಕ್ಕೆ ಮುಂಚೆ ಐದು ಇತ್ತು. ಅಂದ್ರೆ ಹನ್ನೊಂದರಲ್ಲಿ ಏಳು ಜನ ಭಾರತದವರು ಇರಲೇಬೇಕು. ಒಳ್ಳೇ ಫಾರಿನ್ ಸ್ಟ್ರೈಕರ್ ಬೇಕಂದ್ರೆ ಇಡೀ ಪ್ರಪಂಚದಲ್ಲಿ ಹುಡುಕಬಹುದು, ಆದ್ರೆ ಒಳ್ಳೇ ಇಂಡಿಯನ್ ಸೆಂಟರ್‌ಬ್ಯಾಕ್ ದೇಶದಲ್ಲಿ ಎಷ್ಟು ಜನ ಇದ್ದಾರೆ? ಆ ನಿಯಮ ಬಂದ ದಿನವೇ ಅಂಥವರ ಬೆಲೆ ಏರಿತು. ಆ ಬೇಸಿಗೇಲೇ ನಾವು ಭೇಕೆನ ಬಿಟ್ವಿ. ಮುಂಬೈ ಅವನನ್ನ ಇಟ್ಕೊಂಡು ಶೀಲ್ಡ್ (ಲೀಗ್ ಪಟ್ಟೀಲಿ ಮೊದಲು ಬಂದೋರಿಗೆ ಕೊಡೋದು) ಗೆಲ್ತು, ಆಮೇಲೆ 2024ರಲ್ಲಿ ಅವನೇ ಕ್ಯಾಪ್ಟನ್ ಆಗಿ ಕಪ್ ಎತ್ತಿದ. ನಾವು ಅವನ ಮೂವತ್ತೊಂದರಿಂದ ಮೂವತ್ನಾಲ್ಕರವರೆಗಿನ ವರ್ಷಗಳನ್ನ, ಒಬ್ಬ ಡಿಫೆಂಡರ್‌ಗೆ ಅತ್ಯುತ್ತಮ ವರ್ಷಗಳು ಅವು, ಇನ್ನೊಬ್ಬರಿಗೆ ಕೊಟ್ಟು ಆಮೇಲೆ ವಾಪಸ್ ಕರ್ಕೊಂಡು ಬಂದ್ವಿ. ಬಂದಿದ್ದು ಖುಷಿ, ಈ ಸೀಸನ್ ಅವನಿಲ್ಲದೆ ಫೈನಲ್ ಇರ್ತಿರಲಿಲ್ಲ. ಆದ್ರೆ ಲೆಕ್ಕ ತಪ್ಪಿದ್ದು ಅಲ್ಲೇ.

ಫಾರಿನರ್ಸ್‌ಗೆ ಹೆಚ್ಚಾಗಿ ಒನ್ ಪ್ಲಸ್ ಒನ್ ಅಂತಾರಲ್ಲ, ಒಂದು ವರ್ಷ ಗ್ಯಾರಂಟಿ, ಇನ್ನೊಂದು ವರ್ಷ ಆಪ್ಷನ್. ಆ ಆಪ್ಷನ್ ಯಾರ ಕೈಲಿದೆ ಅನ್ನೋದೇ ಎಲ್ಲ. ಕ್ಲಬ್ ಕೈಲಿದ್ರೆ ಕ್ಲಬ್ ರಾಜ, ಇಬ್ಬರೂ ಒಪ್ಪಬೇಕು ಅಂತ ಬರೆದಿದ್ರೆ ಅದಕ್ಕೆ ಆಪ್ಷನ್ ಅನ್ನೋ ಹೆಸರಷ್ಟೇ. 34, 35ರವರಿಗೆ ಎರಡು ವರ್ಷ ಗಟ್ಟಿಯಾಗಿ ಕೊಡೋ ಬದಲು ಇಷ್ಟು ಮ್ಯಾಚ್ ಆಡಿದ್ರೆ ಎರಡನೇ ವರ್ಷ ತಾನಾಗೇ ಸೇರುತ್ತೆ ಅಂತ ಬರೆದ್ರೆ ಎರಡೂ ಕಡೆಗೂ ನ್ಯಾಯ.

ಕಾಗದ ಸರಿ ಇಲ್ದಿದ್ರೆ ಏನಾಗುತ್ತೆ ಅಂತ ಅನ್ವರ್ ಅಲಿ ಕೇಸಲ್ಲಿ ನೋಡಿದ್ವಲ್ಲ. ಡೆಲ್ಲಿ ಎಫ್‌ಸಿಯಿಂದ ಮೋಹನ್ ಬಗಾನ್‌ಗೆ ಲೋನ್ ಮೇಲೆ ಇದ್ದ ಹುಡುಗ, ಲೋನ್ ಮುರಿದು ಈಸ್ಟ್ ಬೆಂಗಾಲ್ ಸೇರಿದ. 2024ರ ಸೆಪ್ಟೆಂಬರಲ್ಲಿ ದೇಶದ ಫುಟ್‌ಬಾಲ್ ಫೆಡರೇಶನ್ ಎಐಎಫ್‌ಎಫ್‌ನ ಕಮಿಟಿ ನಾಲ್ಕು ತಿಂಗಳು ಬ್ಯಾನು, 12.9 ಕೋಟಿ ಪರಿಹಾರ ಅಂತ ಆರ್ಡರ್ ಮಾಡ್ತು, ಅದು ದಿಲ್ಲಿ ಹೈಕೋರ್ಟಿಗೆ ಹೋಯ್ತು, ಆ ಆರ್ಡರ್ ನಿಲ್ಲಲಿಲ್ಲ. ಎರಡು ಕ್ಲಬ್ಬು, ಒಬ್ಬ ಆಟಗಾರ, ಎಲ್ಲರೂ ಕೋರ್ಟಲ್ಲಿ.

ನನ್ನನ್ನ ಕೇಳಿದ್ರೆ ಮೊದಲ ಎರಡು ಸಹಿ ಮಿಡ್‌ಫೀಲ್ಡರ್ ಸುರೇಶ್ ಮತ್ತೆ ಡಿಫೆಂಡರ್ ರೋಷನ್‌ದು. ಸುರೇಶ್‌ಗೆ ಇನ್ನೂ 24, ರೋಷನ್‌ಗೆ 26. ಇವರಿಗೆ ಎಷ್ಟೇ ವರ್ಷ ಬಾಕಿ ಇರಲಿ, ಈಗಲೇ ಕೂತು ಇನ್ನೂ ಮುಂದಕ್ಕೆ ಹಾಕಬೇಕು. ಇವರಿಬ್ಬರು ಇದ್ರೆ ಉಳಿದ ಟೀಮ್ ಕಟ್ಟಬಹುದು.

---

ಹುಬ್ಬಳ್ಳಿ_ರಾತ್ರಿಬಸ್ಸು

ನಮಸ್ಕಾರ್ರಿ ಎಲ್ಲಾರಿಗೂ. ಗೋವಾ ಜೋಡಿ ಸೆಮಿಫೈನಲ್ ನೋಡಾಕ ರಾತ್ರಿ ಬಸ್ಸ ಹತ್ತಿ ಬಂದಿದ್ದೆ, ಕಂಠೀರವದಾಗ 2-0 ಗೆದ್ವಿ, ಮತ್ತ ಅದೇ ರಾತ್ರಿ ಬಸ್ಸಿಗೆ ವಾಪಸ್. ಮೊದಲನೇ ಗೋಲ್ ಝಿಂಗನ್ ಅವರ ಸೆಲ್ಫ್ ಗೋಲ್ ಆತು, ನಾ ಏನೂ ಕೂಗಲಿಲ್ರಿ, ಎರಡ ವರ್ಷದ ಹಿಂದ ನಮ್ಮ ಜೆರ್ಸಿ ಹಾಕ್ಕೊಂಡಾಂವ, ನೋಡಾಕ ಸಂಕಟ ಆತು.

ಛೆತ್ರಿ ಬಗ್ಗೆ ಕೇಳಿರಿ. ನನ್ನ ಮಾತ ಇಷ್ಟ. 40ರ ವಯಸ್ಸಿನ್ಯಾಗ ಈ ಸೀಸನ್ 14 ಗೋಲ್. ಭಾರತದ ಬ್ಯಾರೆ ಯಾವ ಆಟಗಾರನೂ ಅಷ್ಟ ಹೊಡದಿಲ್ಲ. ಬ್ಲಾಸ್ಟರ್ಸ್ ಮ್ಯಾಲೆ ಡಿಸೆಂಬರ್‌ದಾಗ ಹ್ಯಾಟ್ರಿಕ್. ಫಟೋರ್ಡಾದಾಗ ಗೋವಾದವ್ರು ಎರಡ ಗೋಲ್ ಹಾಕಿ ಸಮ ಮಾಡಿದ್ರು, ಇನ್ನೇನ ಎಕ್ಸ್‌ಟ್ರಾ ಟೈಮ್ ಅನ್ನೂದ್ರಾಗ ಇಂಜುರಿ ಟೈಮಿಗೆ ಹೆಡರ್ ಹಾಕಿ ಫೈನಲ್ಲಿಗೆ ಕರಕೊಂಡ ಹೋದ. ಕುವೈತ್ ಮ್ಯಾಚಿಗೆ ನ್ಯಾಷನಲ್ ಟೀಮ್ ಬಿಟ್ಟಾಂವನ್ನ ಮತ್ತ ಮಾರ್ಚ್‌ದಾಗ ವಾಪಸ್ ಕರದ್ರು, ಬಂದ ಮೊದಲ ಮ್ಯಾಚಿಗೇ ಶಿಲ್ಲಾಂಗ್‌ದಾಗ ಮಾಲ್ಡೀವ್ಸ್ ಮ್ಯಾಲೆ ಗೋಲ್. ಇಂಥಾಂವಗ ಕಾಂಟ್ರ್ಯಾಕ್ಟ ಕೊಡೂದೋ ಬ್ಯಾಡೋ ಅಂತ ಕೇಳೂದ ಸರಿ ಅಲ್ರಿ. ಎಷ್ಟ ದಿನ ಕಾಲ ನಡೀತಾವ ಅಷ್ಟ ದಿನ ಆಡ್ಲಿ. 2013ರಾಗ ಕ್ಲಬ್ ಹುಟ್ಟಿದಾಗಿಂದ ಅದಾನ, ನಡುವ ಒಂದಿಷ್ಟ ದಿನ ಮುಂಬೈಗೆ ಆಡಿದ್ದ ಬಿಟ್ರ ಎಲ್ಲಾ ಇಲ್ಲೇ.

ಆದ್ರ ಒಂದ ಮಾತ ಹೇಳ್ತೀನಿ, ಸಿಟ್ಟ ಮಾಡ್ಕೋಬ್ಯಾಡ್ರಿ. ಛೆತ್ರಿ 14 ಹೊಡದಾನ ಅಂದ್ರ ಅದು ಅವನ ದೊಡ್ಡತನ, ಕ್ಲಬ್ಬಿಗೆ ಅದು ಎಚ್ಚರಿಕಿ. ಶಿವಶಕ್ತಿ ಎಲ್ಲಿ ಹ್ವಾದ? 2022ರ ಡುರಾಂಡ್ ಫೈನಲ್‌ದಾಗ ಮುಂಬೈ ಮ್ಯಾಲೆ ಮೊದಲ ಗೋಲ್ ಹೊಡದ ಹುಡುಗ ಅಂವ, ಆ ಸೀಸನ್ ಪೂರ್ತಿ ರಾಯ್ ಕೃಷ್ಣನ ಜೋಡಿ ಎಷ್ಟ ಚಂದ ಓಡ್ತಿದ್ದ. ಆಮೇಲೆ ಗಾಯ ಆತು, ಆಟದ ಟೈಮ್ ಸಿಗಲಿಲ್ಲ. ಒಬ್ಬ ಹುಡುಗಗ ಮೂರ ವರ್ಷದ ಕಾಂಟ್ರ್ಯಾಕ್ಟ ಕೊಟ್ಟು ಬೆಂಚ್ ಮ್ಯಾಲೆ ಕುಂದ್ರಿಸಿದ್ರ ಅದು ಉಳಿಸಿಕೊಂಡಂಗ ಆಗೂದಿಲ್ಲ. ಬಳ್ಳಾರಿ ಕಡೆ ವಿಜಯನಗರದಾಗ ಅಕಾಡೆಮಿ ಅದ, ನಮ್ಮ ಉತ್ತರ ಕರ್ನಾಟಕದ ಹುಡುಗ್ರು ಅದನ್ನ ನೋಡಿ ಆಸೆ ಇಟ್ಕೊಂಡಾರ. ಛೆತ್ರಿಗೆ ಒಂದ ವರ್ಷ ಕೊಡ್ರಿ, ಜೊತಿಗೆ ಅದರಾಗ ಎಷ್ಟ ನಿಮಿಷ ಶಿವಶಕ್ತಿಗೆ ಅಂತನೂ ಇವತ್ತ ಬರದ ಇಡ್ರಿ.

---

ಆಸ್ಟಿನ್‌ಟೌನ್_ಹಳಬ

ನಂಗೀಗ ಅರವತ್ತೇಳು. ನೀವೆಲ್ಲ ಹುಡುಗರು, ನಿಮ್ಮ ಮಾತು ಓದಿ ಖುಷಿ ಆಯ್ತು, ಒಂದೆರಡು ಹಳೇ ವಿಷಯ ಹೇಳ್ತೀನಿ.

ನಮ್ ಕಾಲದಲ್ಲಿ ಕಾಂಟ್ರ್ಯಾಕ್ಟ್ ಅನ್ನೋ ಮಾತೇ ಇರಲಿಲ್ಲ. ಆಸ್ಟಿನ್ ಟೌನು, ಗೌತಮಪುರ, ಮರ್ಫಿ ಟೌನು ಕಡೆ ಹುಡುಗ ಚೆನ್ನಾಗಿ ಆಡಿದ್ರೆ ಐಟಿಐ ಟೆಲಿಫೋನ್ ಫ್ಯಾಕ್ಟರಿ, ಎಚ್‌ಎಎಲ್ ಇಂಥ ಕಡೆಯಿಂದ ಕರೆ ಬರೋದು. ಕೆಲಸ ಕೊಡ್ತಿದ್ರು, ಪರ್ಮನೆಂಟು. ಬೆಳಗ್ಗೆ ಪ್ರಾಕ್ಟೀಸು, ಆಮೇಲೆ ಡ್ಯೂಟಿ, ಮ್ಯಾಚ್ ಇದ್ದ ದಿನ ಆಫೀಸಿಂದ ರಿಲೀಫು. ಮಂಡಿ ಹೋಯ್ತು ಅಂದ್ರೂ ಕೆಲಸ ಹೋಗ್ತಿರಲಿಲ್ಲ, 58 ತುಂಬೋವರೆಗೂ ಸಂಬಳ, ಆಮೇಲೆ ಪಿಎಫು. ನಮ್ ಬೀದಿಲಿ ಅಂಥವರು ನಾಲ್ಕೈದು ಮಂದಿ ಇದ್ರು, ಮನೆ ಕಟ್ಟಿದ್ರು, ಮಕ್ಕಳನ್ನ ಓದಿಸಿದ್ರು. ಹಂಗಾಗಿ ಟೀಮುಗಳು ಹತ್ತು ಹನ್ನೆರಡು ವರ್ಷ ಒಂದೇ ಥರ ಇರ್ತಿದ್ವು, ಅಶೋಕನಗರದ ಸ್ಟೇಡಿಯಮ್ಮಲ್ಲಿ ಕೂತ್ರೆ ಯಾರು ಯಾರಿಗೆ ಪಾಸ್ ಕೊಡ್ತಾರೆ ಅಂತ ನಮಗೇ ಮೊದಲೇ ಗೊತ್ತಾಗೋದು.

ಈಗ ಆ ಕಾಲ ಹೋಯ್ತು. ಈಗಿನ ಹುಡುಗನಿಗೆ ಸಿಗೋದು ಜಾಸ್ತಿ ಅಂದ್ರೆ ಹತ್ತು ವರ್ಷ, ಅದರಲ್ಲಿ ಒಳ್ಳೇ ಸಂಬಳ ಬರೋದು ಐದು ವರ್ಷ. ಅದಕ್ಕೇ "ಅವನು ಹೋಗಿಬಿಟ್ಟ, ನಿಯತ್ತಿಲ್ಲ" ಅಂತ ಯಾರಾದ್ರೂ ಬೈದ್ರೆ ನಂಗೆ ಬೇಜಾರಾಗುತ್ತೆ. ನಿಶು ಕೇರಳಕ್ಕೆ ಹೋದಾಗ ನಮ್ ಹುಡುಗರೇ ಬಾಯಿಗೆ ಬಂದಂಗೆ ಅಂದ್ರು. ಅವನ ಜಾಗದಲ್ಲಿ ನಮ್ ಮಗ ಇದ್ದಿದ್ರೆ ನಾವೇ "ಹೋಗಪ್ಪ, ಜಾಸ್ತಿ ಕೊಡ್ತಾರಲ್ಲ" ಅಂತಿದ್ವಿ. ಕೆಲಸದ ಭದ್ರತೆ ತೆಗೆದು ಕಾಂಟ್ರ್ಯಾಕ್ಟ್ ಕೊಟ್ಟ ಮೇಲೆ ಅವನೂ ಕಾಂಟ್ರ್ಯಾಕ್ಟ್ ಲೆಕ್ಕದಲ್ಲೇ ಯೋಚನೆ ಮಾಡ್ತಾನೆ. ನಿಯತ್ತು ಬೇಕು ಅಂದ್ರೆ ಕ್ಲಬ್ ಮೊದಲು ಮನೆ ಬಾಗಿಲಿಗೆ ಹೋಗಬೇಕು, ಬೇರೆಯೋರು ಬರೋಕೆ ಮುಂಚೆ.

ಇನ್ನೊಂದು ಮಾತು ಯಾರೂ ಎತ್ತಲಿಲ್ಲ. 2023ರ ಮಾರ್ಚ್ 3ನೇ ತಾರೀಖು ಕಂಠೀರವದಲ್ಲಿ ಆ ಫ್ರೀಕಿಕ್ ಮ್ಯಾಚ್ ನಡೀತು, ಊರೆಲ್ಲ ಅದೇ ಮಾತು. ಮಾರನೇ ದಿನ, ಮಾರ್ಚ್ 4ಕ್ಕೆ, ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯನ 3-2 ಸೋಲಿಸಿ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆಲ್ತು. 54 ವರ್ಷ ಆದ್ಮೇಲೆ! ಮೈಸೂರು ಅನ್ನೋ ಹೆಸರಲ್ಲಿ 1968-69ರಲ್ಲಿ ಗೆದ್ದಿದ್ದು, ಆಗ ನಾನು ಅಪ್ಪನ ಹೆಗಲ ಮೇಲೆ ಕೂರೋಷ್ಟು ಚಿಕ್ಕವನೂ ಅಲ್ಲ, ಒಬ್ಬನೇ ಸೈಕಲ್ ಹೊಡ್ಕೊಂಡು ಮ್ಯಾಚಿಗೆ ಹೋಗೋಷ್ಟು ದೊಡ್ಡವನೂ ಅಲ್ಲ, ರೇಡಿಯೋದಲ್ಲೂ ಪೇಪರಲ್ಲೂ ಬಂದಿದ್ದೇ ಗೊತ್ತು. ರಿಯಾದಲ್ಲಿ ಗೆದ್ದ ಆ ಹುಡುಗರಲ್ಲಿ ಎಷ್ಟು ಜನಕ್ಕೆ ದೊಡ್ಡ ಕ್ಲಬ್ ಬಾಗಿಲು ತೆಗೀತು ಅಂತ ನೀವೇ ಎಣಿಸಿ. ಕಳೆದ ಸೆಪ್ಟೆಂಬರಲ್ಲಿ ವಿನೀತ್ ವೆಂಕಟೇಶ್ ಈಸ್ಟ್ ಬೆಂಗಾಲ್ ಮೇಲೆ ಸೀಸನ್ನಿನ ಮೊದಲನೇ ಗೋಲ್ ಹೊಡೆದಾಗ ನಾನು ಸ್ಟ್ಯಾಂಡಲ್ಲಿ ಇದ್ದೆ, ಹತ್ತೊಂಬತ್ತು ವರ್ಷದ ಹುಡುಗ, ಕಣ್ಣಲ್ಲಿ ನೀರು ಬಂತು. ಅವನನ್ನ ಯಾವ ಕಾರಣಕ್ಕೂ ಬಿಡಬೇಡಿ. ಅವನ ಹಿಂದೆ ರಿಸರ್ವ್ ಟೀಮಲ್ಲಿರೋ ಹುಡುಗರನ್ನೂ ನೋಡಿ, ಡೆವಲಪ್‌ಮೆಂಟ್ ಲೀಗ್ ಶುರುವಾದ ಮೊದಲ ಎರಡು ವರ್ಷವೂ ಗೆದ್ದಿದ್ದು ನಮ್ಮ ಹುಡುಗರೇ.

---

ಕುಡ್ಲ_ಟು_ಕೊಲ್ಕತ್ತಾ

ಹಿರಿಯರ ಮಾತು ಓದಿ ಮನಸ್ಸು ತುಂಬಿತು.

ನಾನು ಇಲ್ಲಿ ಕೊಲ್ಕತ್ತಾದಲ್ಲಿ ಕೆಲಸಕ್ಕೆ ಇರುವುದು, ಏಪ್ರಿಲ್ 12ಕ್ಕೆ ಸಾಲ್ಟ್ ಲೇಕ್‌ನಲ್ಲಿ ನೀಲಿ ಜೆರ್ಸಿಯವರು ಕೂತ ಮೂಲೆಯಲ್ಲಿ ನಾನೂ ಇದ್ದೆ ಮಾರಾಯ್ರೆ. ಸುತ್ತ ಪೂರ್ತಿ ಮರೂನ್ ಹಸಿರು. ಎಕ್ಸ್‌ಟ್ರಾ ಟೈಮಿಗೆ ಮೊದಲು ಸುಮ್ಮನೆ ಕೂತು ಅವರ ಟೀಮ್ ಲಿಸ್ಟ್ ನೋಡ್ತಾ ಇದ್ದೆ, ಆಗ ಒಂದು ವಿಷಯ ಹೊಳೆಯಿತು. 2023ರ ಫೈನಲ್‌ನಲ್ಲಿ ನಮ್ಮ ಎದುರು ಇದ್ದದ್ದು ಯಾರು? ವಿಶಾಲ್ ಕೈತ್, ಸುಭಾಶಿಷ್, ಆಶಿಶ್ ರಾಯ್, ಲಿಸ್ಟನ್, ಮನ್‌ವೀರ್, ಪೆಟ್ರಾಟೋಸ್. 2025ಕ್ಕೆ ಯಾರು? ಅದೇ ಹೆಸರುಗಳು ಉಂಟು! ಎರಡು ವರ್ಷದಲ್ಲಿ ಫೆರಾಂಡೋ, ಹಬಾಸ್, ಮೊಲಿನಾ ಅಂತ ಮೂರು ಕೋಚ್ ಬದಲಾದ್ರು, ಭಾರತದ ಹುಡುಗರ ಗುಂಪು ಮಾತ್ರ ಹಾಗೇ. ನಮ್ಮ ಕಡೆ ಗುರ್‌ಪ್ರೀತ್, ಸುರೇಶ್, ರೋಷನ್, ಛೆತ್ರಿ, ಅಲ್ಲಿಗೆ ಹೆಚ್ಚುಕಮ್ಮಿ ಮುಗೀತು.

ನಮ್ಮ ಆಶಿಕ್‌ನನ್ನು 2022ರಲ್ಲಿ ಅವರು ತಗೊಂಡದ್ದು ಐದು ವರ್ಷದ ಕಾಂಟ್ರ್ಯಾಕ್ಟಿಗೆ. ಐದು ಅಂದ್ರೆ ಫೀಫಾ ಒಪ್ಪುವ ಗರಿಷ್ಠ. ಅವನಿಗೆ ದೊಡ್ಡ ಗಾಯ ಆಯ್ತು, ಒಂದು ಸೀಸನ್ ಹೆಚ್ಚುಕಮ್ಮಿ ಹೋಯ್ತು, ಆದ್ರೂ ಅವರು ಕೈ ಬಿಡ್ಲಿಲ್ಲ. ಈ ಸಲ 56 ಪಾಯಿಂಟ್ ಮಾಡಿ ಶೀಲ್ಡು, ಮೇಲೆ ಕಪ್ಪು, ಎರಡೂ ತಗೊಂಡ್ರು. ಅವರ ಹತ್ರ ದುಡ್ಡು ಉಂಟು, ಅದು ಸತ್ಯ. ಆದರೆ ಬರೀ ದುಡ್ಡಿಂದ ಆಗುದಾದ್ರೆ ಇನ್ನೂ ಕೆಲವರು ಗೆಲ್ಲಬೇಕಿತ್ತು. ಇವರು ಯಾರನ್ನು ಬೇಕು ಅಂತ ಮೊದಲೇ ತೀರ್ಮಾನ ಮಾಡಿ, ಅವರನ್ನು ಉದ್ದಕ್ಕೆ ಕಟ್ಟಿ ಹಾಕಿದ್ರು, ಫಾರಿನರ್ಸ್‌ನ್ನು ಮಾತ್ರ ವರ್ಷ ವರ್ಷ ಅದಲು ಬದಲು ಮಾಡಿದ್ರು. ನಾವು 2023ರಲ್ಲಿ ಎರಡನ್ನೂ ಒಟ್ಟಿಗೆ ಬದಲಾಯಿಸಿದೆವು.

---

ಕಬ್ಬನ್‌ಪಾರ್ಕ್_ಎಕ್ಸಿಟ್

ಇದು ಸರಿಯಾದ ಮಾತು. ನಾನು ಹೇಳಬೇಕು ಅಂತಿದ್ದಿದ್ದನ್ನ ಇವರು ಚೆನ್ನಾಗಿ ಹೇಳಿದ್ರು, ಫಾರಿನರ್ಸ್‌ನ ಬದಲಾಯಿಸೋಣ, ಇಂಡಿಯನ್ ಕೋರ್‌ನ ಮುಟ್ಟೋದು ಬೇಡ.

ಒಂದೇ ಒಂದು ಆತಂಕ ಇದೆ. ಎಐಎಫ್‌ಎಫ್ ಮತ್ತೆ ಲೀಗ್ ನಡೆಸೋ ಕಂಪನಿ ಎಫ್‌ಎಸ್‌ಡಿಎಲ್ ನಡುವೆ 2010ರಿಂದ ನಡೀತಿರೋ 15 ವರ್ಷದ ಅಗ್ರಿಮೆಂಟ್ 2025ರ ಡಿಸೆಂಬರಿಗೆ ಮುಗಿಯುತ್ತೆ, ಹೊಸದು ಇನ್ನೂ ಆಗಿಲ್ಲ. ಲೀಗ್ ನಡೆಸೋರ ಕಾಂಟ್ರ್ಯಾಕ್ಟೇ ಹಂಗೆ ತೂಗಾಡ್ತಿರೋವಾಗ ಯಾವ ಕ್ಲಬ್ ತಾನೇ ಒಬ್ಬ ಆಟಗಾರನಿಗೆ ನಾಲ್ಕು ವರ್ಷದ ಸಂಬಳ ಬರೆದು ಕೊಡೋಕೆ ಧೈರ್ಯ ಮಾಡುತ್ತೆ? ಮ್ಯಾನೇಜ್‌ಮೆಂಟ್ ಜಾಗದಲ್ಲಿ ಕೂತು ನೋಡಿದ್ರೆ ಅವರ ಕಷ್ಟವೂ ಕಷ್ಟವೇ.

---

ಸಹಿ_ಸೀಲು

ಕಷ್ಟ ಇದೆ, ಆದ್ರೆ ಅದು ಹನ್ನೆರಡು ಹದಿಮೂರು ಕ್ಲಬ್‌ಗೂ ಒಂದೇ. ಎಲ್ಲರೂ ಹೆದರಿ ಸುಮ್ನೆ ಕೂತಿರೋವಾಗ ಸುರೇಶ್‌ನಂಥ ಆಟಗಾರನಿಗೆ "ಏನೇ ಆಗಲಿ ನಿನ್ನ ಬಿಡಲ್ಲ" ಅಂತ ಪೇಪರ್ ಮೇಲೆ ಬರೆದು ಕೊಡೋ ಕ್ಲಬ್ಬನ್ನ ಅವನು ಜೀವನ ಪೂರ್ತಿ ಮರೆಯಲ್ಲ. ಉದ್ದದ ಕಾಂಟ್ರ್ಯಾಕ್ಟ್ ಮಾಡಿ, ಲೀಗ್ ನಿಂತ್ರೆ ಸಂಬಳ ಏನಾಗಬೇಕು ಅನ್ನೋದನ್ನ ಅದರೊಳಗೇ ಇಬ್ಬರೂ ಒಪ್ಪಿ ಸ್ಪಷ್ಟವಾಗಿ ಬರೀರಿ. ಬರೆಯದೇ ಬಿಟ್ಟಿದ್ದೇ ಆಮೇಲೆ ಜಗಳ ಆಗೋದು.

---

ಹುಬ್ಬಳ್ಳಿ_ರಾತ್ರಿಬಸ್ಸು

ಆಸ್ಟಿನ್ ಟೌನ್ ಕಾಕಾ, ನಿಮ್ಮ ಐಟಿಐ ದಿನದ್ದು ಇನ್ನೂ ಬರೀರಿ, ಬ್ಯಾರೆ ಕಡೆ ಎಲ್ಲೂ ಓದಾಕ ಸಿಗೂದಿಲ್ಲ ಇವೆಲ್ಲ.

---

ನೀಲಿಜೆರ್ಸಿ_ಬಸವನಗುಡಿ

ಎಲ್ಲರಿಗೂ ಥ್ಯಾಂಕ್ಸ್, ಬೆಳಗ್ಗಿಂದ ಮೂರು ಸಲ ಓದಿದೆ. ಹನ್ನೊಂದು ಜನಾನೂ ಮುಟ್ಟಬಾರದು ಅಂದಿದ್ದೆ, ಅದನ್ನ ವಾಪಸ್ ತಗೋತೀನಿ. ಸುರೇಶ್, ರೋಷನ್, ವಿನೀತ್ ಮೂವರಿಗೆ ಈಗಲೇ ಉದ್ದಕ್ಕೆ. ಭೇಕೆ, ಗುರ್‌ಪ್ರೀತ್ ಇರಲೇಬೇಕು. ವಿಲಿಯಮ್ಸ್, ನೊಗೇರಾ ಇಬ್ಬರೂ ಉಳೀಲಿ. ಮುಂದೆ ಒಬ್ಬ ಹೊಸ ಸ್ಟ್ರೈಕರ್, ಡಿಯಾಸ್ ಹೋಗಬೇಕಾ ಮೆಂಡೆಸ್ ಹೋಗಬೇಕಾ ಅಂತ ನನ್ ಬಾಯಿಂದ ಹೇಳೋಕಾಗಲ್ಲ, ಮುಂಬೈ ಮೇಲೆ 5-0 ದಿನ ಇಬ್ಬರೂ ಗೋಲ್ ಹೊಡೆದಿದ್ದು ಕಣ್ಮುಂದೆ ಇದೆ. ಛೆತ್ರಿ ವಿಷಯ ಹುಬ್ಬಳ್ಳಿ ಅಣ್ಣ ಹೇಳಿದಂಗೆ.

ಹಿರಿಯರೇ, ನಿಶು ಹೋದಾಗ ಬಾಯಿಗೆ ಬಂದಂಗೆ ಅಂದೋರಲ್ಲಿ ನಾನೂ ಒಬ್ಬ. ಆಗ ನಂಗೆ ಹದಿನೆಂಟು, ಹಂಗೆ ಯೋಚನೆ ಮಾಡಿರಲಿಲ್ಲ. ಬೆಂಗಳೂರು ಸೂಪರ್ ಡಿವಿಷನ್ ಲೀಗಲ್ಲಿ ನಮ್ ರಿಸರ್ವ್ ಹುಡುಗರ ಮ್ಯಾಚ್ ಇದ್ದಾಗ ಅಶೋಕನಗರಕ್ಕೆ ಬರ್ತೀನಿ, ನೀವು ಯಾವ ಕಡೆ ಕೂರ್ತೀರ ಅಂತ ಹೇಳಿ, ಪಕ್ಕದಲ್ಲಿ ಕೂತು ನೋಡ್ತೀನಿ.